ಮಂಗಳೂರು ಕೈಗಾರಿಕಾ ನಗರ ಆಗಿದ್ದು ಹೇಗೆ? ಕಲಬುರಗಿಯಿಂದ ಒಂದು ನೋಟ

ನಮ್ಮ ಕಲಬುರಗಿಯಲ್ಲಿ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಮಂಗಳೂರಿನ ಹೆಸರು ಎತ್ತುತ್ತಾರೆ. "ಅವರಿಗೇನ್ರೀ, ಸಮುದ್ರ ಐತಿ" ಅಂತ ಇನ್ನೊಬ್ಬರು ಹೇಳಿಬಿಡುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಅಲ್ಲಿಗೆ ಮುಗಿಸೋ ಮಾತು ಅದಲ್ಲ. ಕರ್ನಾಟಕಕ್ಕೆ 300 ಕಿ.ಮೀ.ಗೂ ಜಾಸ್ತಿ ಸಮುದ್ರದ ದಂಡೆ ಇದೆ. ಅಷ್ಟು ಉದ್ದಕ್ಕೂ ಮಂಗಳೂರಿನಂಥ ಊರು ಮಂಗಳೂರು ಒಂದೇ. ಯಾಕೆ?

ಇನ್ನೊಂದು ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಎರಡೂ ಊರುಗಳ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಕಲಬುರಗಿಯೇ ಸ್ವಲ್ಪ ಮುಂದೆ ಇತ್ತು. ಎರಡೂ ಊರು ಈಗಿನ ಕರ್ನಾಟಕಕ್ಕೆ ಸೇರಿದ್ದು ಒಂದೇ ದಿನ, 1956ರ ನವೆಂಬರ್ 1ಕ್ಕೆ. ನಾವು ಹೈದರಾಬಾದ್ ಸಂಸ್ಥಾನದ ಪಾಲಿನಿಂದ ಬಂದೆವು, ಅವರು ಮದ್ರಾಸ್ ಪಾಲಿನಿಂದ ಬಂದರು. ರೈಲು ನಮ್ಮಲ್ಲಿಗೇ ಮೊದಲು ಬಂದಿತ್ತು. ಮುಂಬೈ–ಮದ್ರಾಸ್ ಮಾರ್ಗ 1871ರ ಹೊತ್ತಿಗೆ ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. ಮಂಗಳೂರು ರೈಲು ಕಂಡಿದ್ದು 1907ರಲ್ಲಿ. ಹಾಗಿದ್ದೂ ಇವತ್ತು ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದರೆ ತಲಾ ಆದಾಯದ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಮೇಲಿನ ತುದಿಯಲ್ಲಿ ಇರುತ್ತದೆ, ಕಲಬುರಗಿ ಕೆಳಗಿನ ತುದಿಯಲ್ಲಿ. ಈ ಅಂತರಕ್ಕೆ ಕಾರಣ ಹಲವು. ಬಂದರು ಮತ್ತು ಕಾರ್ಖಾನೆ ಹೇಗೆ ಒಂದನ್ನೊಂದು ಎಳೆದು ತಂದವು ಅನ್ನೋದು ಅದರಲ್ಲಿ ದೊಡ್ಡ ಭಾಗ. ನಾನು ಹೇಳಹೊರಟಿರುವುದು ಅದನ್ನೇ.

ಸರಕು ಎಲ್ಲಿ ಇಳಿಯುತ್ತದೆ?

ಮೊದಲು ಒಂದು ಮೂಲ ಸಂಗತಿ. ನಮ್ಮ ಊರಿನ ದವಸದ ಮಾರುಕಟ್ಟೆ ನೆಹರೂ ಗಂಜ್‌ಗೆ ಹೋದವರಿಗೆ ಗೊತ್ತು, ತೊಗರಿ ಚೀಲ ಪ್ರತಿ ಸಲ ಇಳಿಸಿ ಏರಿಸಿದರೂ ಹಮಾಲಿ ಕೊಡಬೇಕು. ಹಾಗಾಗಿ ಚೀಲ ಹೇಗೂ ಇಳಿಯೋ ಜಾಗದಲ್ಲೇ ದಾಲ್ ಮಿಲ್ ಇದ್ದರೆ ಒಂದು ಸಾಗಾಟ ಉಳಿಯಿತು. ದೊಡ್ಡ ಕೈಗಾರಿಕೆಗಳ ಲೆಕ್ಕವೂ ಇದೇ. ಹಡಗಿನಿಂದ ಸರಕು ಇಳಿಯಲೇಬೇಕಾದ ಜಾಗ ಬಂದರು. ಕಚ್ಚಾ ತೈಲ ಅಲ್ಲೇ ಇಳಿಯುತ್ತದೆ ಅಂದರೆ ಅಲ್ಲೇ ಶುದ್ಧಿ ಮಾಡುವುದು ಅಗ್ಗ. ಆಫ್ರಿಕಾದ ಗೇರುಬೀಜ ಅಲ್ಲೇ ಇಳಿಯುತ್ತದೆ ಅಂದರೆ ಅಲ್ಲೇ ಸುಲಿಯುವುದು ಅಗ್ಗ.

ಇದರ ಉಲ್ಟಾ ಉದಾಹರಣೆ ನಮ್ಮಲ್ಲೇ ಇದೆ. ಒಂದು ಟನ್ ಸಿಮೆಂಟ್ ಮಾಡಲು ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕಲ್ಲು ಸುಟ್ಟಾಗ ತೂಕದ ಒಂದು ಪಾಲು ಗಾಳಿಗೆ ಹೋಗುತ್ತದೆ. ಗಾಳಿಗೆ ಹೋಗುವ ತೂಕವನ್ನು ದೂರಕ್ಕೆ ಹೊತ್ತು ಒಯ್ಯುವುದು ಯಾರಿಗೆ ಬೇಕು? ಅದಕ್ಕೇ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಕಲ್ಲಿನ ಗಣಿಯ ಮಗ್ಗುಲಲ್ಲೇ ಕುಳಿತಿವೆ. ಕಲ್ಲು ಇದ್ದಲ್ಲಿಗೆ ಸಿಮೆಂಟ್ ಬಂತು, ಹಡಗು ನಿಲ್ಲುವಲ್ಲಿಗೆ ರಿಫೈನರಿ ಬಂತು.

ಆದರೆ ಮಂಗಳೂರಿನಲ್ಲಿ ಹಡಗು ನಿಲ್ಲುತ್ತಲೇ ಇರಲಿಲ್ಲ!

ಹಳೆ ಬಂದರು, ಕೆಂಪು ಹಂಚು

ನೇತ್ರಾವತಿ ಮತ್ತು ಗುರುಪುರ ನದಿ ಮಂಗಳೂರಿನ ಹತ್ತಿರ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಗುರುಪುರ ನದಿಗೇ ಫಲ್ಗುಣಿ ಅಂತ ಇನ್ನೊಂದು ಹೆಸರು. ಊರಿನ ಹಳೆ ಬಂದರು ಈ ಅಳಿವೆಯ ಒಳಗಿದೆ. ನದಿ ಹೊತ್ತು ತಂದ ಮರಳನ್ನು ಸಮುದ್ರದ ಅಲೆ ತಳ್ಳಿ ತಳ್ಳಿ ಅಳಿವೆಯ ಬಾಯಲ್ಲಿ ದಿಬ್ಬ ಮಾಡುತ್ತದೆ. ಸಣ್ಣ ಹಾಯಿ ಹಡಗು, ಮಂಜಿಗಳು ಒಳಗೆ ಬರುತ್ತಿದ್ದವು. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಅಲ್ಲಿಂದ ಸರಕನ್ನು ದೋಣಿಗೆ ಇಳಿಸಿ ದಕ್ಕೆಗೆ ತರಬೇಕಿತ್ತು. ಮಳೆಗಾಲದಲ್ಲಿ ಅದೂ ಬಂದ್.

ಇಂಥ ಬಂದರನ್ನು ಇಟ್ಟುಕೊಂಡೇ ಮಂಗಳೂರು ತನ್ನ ಮೊದಲ ಕೈಗಾರಿಕೆ ಕಟ್ಟಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದರು. ಮತಾಂತರಗೊಂಡವರಿಗೆ ಜಾತಿ ಕಸುಬು ತಪ್ಪಿ ಹೋಗುತ್ತಿತ್ತು, ಹೊಟ್ಟೆಪಾಡಿಗೆ ಕೆಲಸ ಬೇಕಿತ್ತು. ನೇಯ್ಗೆ, ಮುದ್ರಣ ಶುರುವಾದವು. 'ಮಂಗಳೂರು ಸಮಾಚಾರ' ಪತ್ರಿಕೆ 1843ರಲ್ಲಿ ಹೊರಟಿದ್ದು ಇವರ ಕೈಯಿಂದಲೇ. ಆಮೇಲೆ ಜಾರ್ಜ್ ಪ್ಲೆಬ್ಸ್ಟ್ ಎಂಬುವವರು ನದಿ ದಂಡೆಯ ಜೇಡಿಮಣ್ಣು ನೋಡಿ ಹಂಚು ಮಾಡುವ ಯೋಚನೆ ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು.

ಹಳೆಯ ಮಂಗಳೂರು ಹಂಚೊಂದನ್ನು ಕೈಗೆ ತಗೊಂಡು ನೋಡಿ. ಮೇಲೆ ಎರಡು ಉದ್ದ ಕಾಲುವೆ, ಅಂಚಿನಲ್ಲಿ ತೋಡು. ಒಂದು ಹಂಚಿನ ತೋಡಿಗೆ ಪಕ್ಕದ ಹಂಚಿನ ಅಂಚು ಸರಿಯಾಗಿ ಕೂರುತ್ತದೆ. ಗಾರೆ ಬೇಡ, ಮೊಳೆ ಬೇಡ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯೋ ಊರಿನಲ್ಲಿ ಹನಿ ಒಳಗೆ ಬೀಳದೆ ಜಾರಿ ಹೋಗುತ್ತದೆ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಸ್ಥಾಪನೆಯ ಇಸವಿ ಅಚ್ಚೊತ್ತಿರುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸುಟ್ಟಾಗ ಆ ಕೆಂಪು ಬರುತ್ತದೆ. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಫರಸಿ ಹೇಗೋ, ಕರಾವಳಿಯಲ್ಲಿ ಮಾಡಿಗೆ ಈ ಹಂಚು ಹಾಗೆ.

ಮಣ್ಣು ನದಿ ದಂಡೆಯದು, ಕಟ್ಟಿಗೆ ಘಟ್ಟದ ಕಾಡಿನದು, ಸಾಗಾಟ ದೋಣಿಯಲ್ಲಿ. ಮೂರಕ್ಕೂ ನದಿಯೇ ದಾರಿ. ಹಂಚುಗಳು ಮುಂಬೈಗೆ ಹೋದವು, ಬರ್ಮಾಕ್ಕೆ ಹೋದವು, ಪೂರ್ವ ಆಫ್ರಿಕಾಕ್ಕೂ ಹೋದವು. ಸ್ಥಳೀಯರೂ ಸುಮ್ನೆ ಕೂರಲಿಲ್ಲ. ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ 1868ರಲ್ಲೇ ಬಂತು, ನಂತರ ಸಾಲು ಸಾಲು ಬಂದವು. ನದಿ ದಂಡೆಯಲ್ಲಿ ಚಿಮಣಿಗಳೇ ಚಿಮಣಿಗಳು.

ಆಮೇಲೆ ಗೇರುಬೀಜ, ಬೀಡಿ, ಕಾಫಿ ಸಂಸ್ಕರಣೆ. ಗೇರುಬೀಜದ ಸಿಪ್ಪೆಯೊಳಗೆ ಒಂದು ಎಣ್ಣೆ ಇದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಸುಲಿಯುವ ಹೆಂಗಸರು ಕೈಗೆ ಬೂದಿ ಅಥವಾ ಎಣ್ಣೆ ಬಳಿದುಕೊಂಡು ಕೂರುತ್ತಿದ್ದರು. ಬೀಡಿ ಕೆಲಸ ಮನೆ ಜಗಲಿಯಲ್ಲೇ ನಡೆಯುತ್ತಿತ್ತು. ಎಲೆ, ತಂಬಾಕು ಮನೆಗೆ ತಂದು, ಸುತ್ತಿ, ಕಟ್ಟು ಕಟ್ಟಿ ಒಪ್ಪಿಸಬೇಕು. ಈ ಮೂರು–ನಾಲ್ಕು ಕಸುಬಿಗೆ ಬಂಡವಾಳ ಕಡಿಮೆ, ಕೈಗಳು ಜಾಸ್ತಿ ಬೇಕು. ಸಾವಿರಾರು ಮನೆಗಳಲ್ಲಿ ಹೆಂಗಸರ ಕೈಗೆ ವಾರದ ದುಡ್ಡು ಬಂದಿದ್ದು ಇವುಗಳಿಂದ. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಆ ದುಡ್ಡಿನಲ್ಲಿ ಶಾಲೆಗೆ ಹೋದ ಮಕ್ಕಳು ಎಷ್ಟೋ. ಊರಿನ ವ್ಯಾಪಾರಸ್ಥರ ಹಣ ಬ್ಯಾಂಕುಗಳಾಗಿದ್ದು ಕೂಡ ಹಳೆ ಬಂದರಿನ ಕಾಲದಲ್ಲೇ. ಕೆನರಾ ಬ್ಯಾಂಕ್ 1906ರದ್ದು, ಕರ್ನಾಟಕ ಬ್ಯಾಂಕ್ 1924ರದ್ದು.

ಅದೇ ಹೊತ್ತಿಗೆ ನಮ್ಮಲ್ಲಿ ಏನಿತ್ತು? ನಿಜಾಮರ ಕಾಲದ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್ ಇತ್ತು, ಶಹಾಬಾದಿನಲ್ಲಿ ಸಿಮೆಂಟ್ ಇತ್ತು. ಅವೇನೂ ಸಣ್ಣವಲ್ಲ. ಆದರೆ ಒಂದು ಮಿಲ್ಲಿನ ಸುತ್ತ ಹತ್ತು ಸಣ್ಣ ಕಾರ್ಖಾನೆ ಹುಟ್ಟಲಿಲ್ಲ. ಮಿಲ್ ಮುಚ್ಚಿದ ಮೇಲೆ ಹೆಸರು ಮಾತ್ರ ಬಡಾವಣೆಗೆ ಉಳಿಯಿತು.

ಅಗೆದು ಮಾಡಿದ ಬಂದರು

1956ಕ್ಕೆ ಮೊದಲು ಮೈಸೂರು ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ಏಕೀಕರಣದ ನಂತರ ಇದ್ದಕ್ಕಿದ್ದಂತೆ ಉದ್ದನೆಯ ಕರಾವಳಿ ಸಿಕ್ಕಿತು. ಎಲ್ಲ ಕಾಲಕ್ಕೂ ಹಡಗು ಬಂದು ನಿಲ್ಲುವ ಒಂದು ದೊಡ್ಡ ಬಂದರು ಬೇಕು ಅನ್ನೋ ಕೂಗು ಜೋರಾಯಿತು. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ದೆಹಲಿಯಲ್ಲಿ ಇದರ ಹಿಂದೆ ಬಿದ್ದರು. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾಗಿದ್ದರ ಹಿಂದೆಯೂ ಅವರೇ. ಈಗಿನ ಎನ್‌ಐಟಿಕೆ ಅದು.

ಹಳೆ ಬಂದರನ್ನು ದೊಡ್ಡದು ಮಾಡೋಣ ಅಂದರೆ ಅಳಿವೆಯ ಮರಳು ಬಿಡುತ್ತಿರಲಿಲ್ಲ. ಹಾಗಾಗಿ ಉತ್ತರಕ್ಕೆ ಪಣಂಬೂರಿನಲ್ಲಿ ಜಾಗ ನೋಡಿದರು. ಅಲ್ಲಿ ನದಿಬಾಯಿ ಇಲ್ಲ, ಕೊಲ್ಲಿ ಇಲ್ಲ, ನೇರ ಮರಳ ದಂಡೆ ಅಷ್ಟೇ. ದಂಡೆಯ ಒಳಗೆ ನೆಲವನ್ನೇ ಅಗೆದು ಕೆರೆ ಮಾಡಿದರು. ಆ ಕೆರೆಗೆ ಸಮುದ್ರದಿಂದ ಆಳವಾದ ಕಾಲುವೆ ತೋಡಿದರು. ಕಾಲುವೆಯ ಬಾಯಿಗೆ ಎರಡೂ ಬದಿ ಕಲ್ಲಿನ ತಡೆಗೋಡೆ ಹಾಕಿದರು. ಕೆಲಸ ಶುರುವಾಗಿದ್ದು 1962ರಲ್ಲಿ. 1974ರಲ್ಲಿ ನವ ಮಂಗಳೂರು ಬಂದರು ದೇಶದ ಒಂಬತ್ತನೇ ಪ್ರಮುಖ ಬಂದರು ಅಂತ ಘೋಷಣೆಯಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಅಂದರೆ ಸಮುದ್ರ ಸಾವಿರಾರು ವರ್ಷಗಳಿಂದ ಅಲ್ಲೇ ಇತ್ತು. ಇವತ್ತಿನ ಮಂಗಳೂರನ್ನು ಕಟ್ಟಿದ ಬಂದರು ಸರ್ಕಾರದ ದುಡ್ಡಿನಲ್ಲಿ ಹನ್ನೆರಡು ವರ್ಷ ಅಗೆದು ಮಾಡಿದ್ದು. "ಅವರಿಗೆ ಸಮುದ್ರ ಐತಿ" ಅನ್ನುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಬೆಟ್ಟದಿಂದ ಇಳಿದ ಅದಿರು

ಇಷ್ಟು ದೊಡ್ಡ ಬಂದರಿಗೆ ಸರಕು ಬೇಕಲ್ವಾ? ಅದು ಬಂದಿದ್ದು ಕುದುರೆಮುಖದಿಂದ. ಅಲ್ಲಿನ ಕಬ್ಬಿಣದ ಅದಿರು ಬಡಕಲು, ಕಲ್ಲೇ ಜಾಸ್ತಿ. ಹಾಗೇ ಮಾರಲು ಆಗುತ್ತಿರಲಿಲ್ಲ. ಅದನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿ ಬೇರೆ ಮಾಡಿ, ನೀರು ಕಲಸಿ ಕೆಸರು ಮಾಡಿ, ಸುಮಾರು 67 ಕಿ.ಮೀ. ಉದ್ದದ ಪೈಪಿನಲ್ಲಿ ಪಣಂಬೂರಿಗೆ ಹರಿಸಿದರು. ಬೆಟ್ಟದ ಎತ್ತರವೇ ತಳ್ಳುವ ಶಕ್ತಿ. ಕೆಳಗೆ ಬಂದ ಮೇಲೆ ನೀರು ಸೋಸಿ ಪುಡಿಯನ್ನು ಹಡಗಿಗೆ ತುಂಬುವುದು.

ಇಷ್ಟಕ್ಕೂ ಹಣ ಕೊಡಲು ಒಪ್ಪಿದ್ದು ಇರಾನ್. ಅದಿರನ್ನು ಕೊಳ್ಳುವವರೂ ಅವರೇ ಅಂತ ಲೆಕ್ಕ. ಅದಕ್ಕಾಗಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತರಾದರು, ಗಿರಾಕಿಯೇ ಹೋದರು. ಕಂಪನಿ ಬೇರೆ ದೇಶಗಳನ್ನು ಹುಡುಕಬೇಕಾಯಿತು. ಪುಡಿಯನ್ನು ಉಂಡೆ ಕಟ್ಟಿ ಮಾರುವ ಪೆಲೆಟ್ ಘಟಕ 1987ರಲ್ಲಿ ಪಣಂಬೂರಿನಲ್ಲಿ ಬಂತು. ಆಮೇಲೆ ಕಾಡಿನ ಪ್ರಶ್ನೆ ಎದ್ದಿತು. ಗಣಿ ಇದ್ದಿದ್ದು ಪಶ್ಚಿಮ ಘಟ್ಟದ ಒಡಲಲ್ಲಿ, ಭದ್ರಾ ನದಿಯ ದಂಡೆಯಲ್ಲಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಗಾಗಿ ಕಟ್ಟಿದ್ದ ಊರು ಖಾಲಿಯಾಯಿತು. ಆ ತೀರ್ಪು ಸರಿಯಾಗಿತ್ತು ಅಂತಲೇ ನನ್ನ ನಂಬಿಕೆ. ಆ ಕಾಡು ಇನ್ನೊಂದು ಸಲ ಹುಟ್ಟುವಂಥದ್ದಲ್ಲ.

ಒಂದೇ ಸರಕನ್ನು ನಂಬಿದ ಬಂದರಾಗಿದ್ದರೆ ಅಲ್ಲಿಗೆ ಮಲಗಿಬಿಡುತ್ತಿತ್ತು. ಅಷ್ಟೊತ್ತಿಗೆ ಎಣ್ಣೆ ಬಂದಿತ್ತು.

ಒಂದರ ಹಿಂದೆ ಒಂದು

ಬಂದರಿನ ಪಕ್ಕದಲ್ಲೇ ರಸಗೊಬ್ಬರ ಕಾರ್ಖಾನೆ ಎಂಸಿಎಫ್ 1976ರಲ್ಲಿ ಯೂರಿಯಾ ಮಾಡಲು ಶುರು ಮಾಡಿತ್ತು. ನಮ್ಮ ರೈತರಿಗೂ ಪರಿಚಯ ಇರುವ 'ಮಂಗಳಾ' ಗೊಬ್ಬರದ ಚೀಲ ಅಲ್ಲಿಯದು. ಆಗ ಅದರ ಕಚ್ಚಾ ವಸ್ತು ನಾಫ್ತಾ. ನಾಫ್ತಾ ಅಂದರೆ ಕಚ್ಚಾ ತೈಲ ಸೋಸುವಾಗ ಸಿಗುವ ಒಂದು ಪಾಲು. ಎಂಆರ್‌ಪಿಎಲ್ ಎಂಬ ರಿಫೈನರಿ 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾಯಿತು. 2003ರಲ್ಲಿ ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ಕೈಗೆ ಬಂತು. ಈಗ ಅದರ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ರಿಫೈನರಿಯ ನಾಫ್ತಾವನ್ನೇ ನಂಬಿ ತಣ್ಣೀರುಬಾವಿಯಲ್ಲಿ ನೀರಿನ ಮೇಲೆ ತೇಲುವ ಒಂದು ವಿದ್ಯುತ್ ಸ್ಥಾವರ ಕೂಡ 2001ರಲ್ಲಿ ಬಂದಿತ್ತು, 220 ಮೆಗಾವ್ಯಾಟಿನದು. ಮುಂದೆ ಅದನ್ನು ಹಾಗೇ ಎಳೆದುಕೊಂಡು ಕಾಕಿನಾಡಕ್ಕೆ ಒಯ್ದರು.

ತೀರಾ ದೊಡ್ಡ ತೈಲ ಹಡಗುಗಳಿಗೆ ಅಗೆದ ಬಂದರಿನ ಆಳವೂ ಸಾಲದು. ಅವು ದಂಡೆಯಿಂದ ಸುಮಾರು 16 ಕಿ.ಮೀ. ಆಚೆ ನಡುಸಮುದ್ರದಲ್ಲೇ ಒಂದು ತೇಲುವ ಬೊಯ್‌ಗೆ ಕಟ್ಟಿಕೊಳ್ಳುತ್ತವೆ. ಎಣ್ಣೆ ಸಮುದ್ರದ ತಳದ ಪೈಪಿನಲ್ಲಿ ಊರಿಗೆ ಬರುತ್ತದೆ. ಯುದ್ಧ, ಬಿಕ್ಕಟ್ಟಿನ ಕಾಲಕ್ಕೆ ಅಂತ ದೇಶ ಎಣ್ಣೆ ಕೂಡಿಡುವ ಮೂರು ಜಾಗಗಳಲ್ಲಿ ಒಂದು ಮಂಗಳೂರು. ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ 15 ಲಕ್ಷ ಟನ್ ಹಿಡಿಸುತ್ತದೆ. ಇನ್ನೊಂದು ಅಲ್ಲೇ ಉಡುಪಿ ಜಿಲ್ಲೆಯ ಪಾದೂರಿನಲ್ಲಿದೆ.

ಬಂದರಿಗೆ ಒಂದು ದೊಡ್ಡ ಅಡ್ಡಿಯೂ ಇದೆ, ಬೆನ್ನ ಹಿಂದೆ ನಿಂತ ಘಟ್ಟ. ಶಿರಾಡಿ ಘಾಟಿಯಲ್ಲಿ ಮಳೆಗಾಲಕ್ಕೆ ಗುಡ್ಡ ಕುಸಿದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಹಾಸನದ ರೈಲು ಮಾರ್ಗ ಬಂದಿದ್ದೇ 1979ರಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ ಅದು 50 ಅಡಿಗೆ ಒಂದು ಅಡಿ ಏರುತ್ತದೆ. ಒಂದು ಗೂಡ್ಸ್ ಗಾಡಿ ಹತ್ತಿಸಲು ಜಾಸ್ತಿ ಎಂಜಿನ್ ಬೇಕು. ಹಾಗಾಗಿ ಬೆಂಗಳೂರಿನ ಕಂಟೇನರ್‌ಗಳು ಹೆಚ್ಚಾಗಿ ಚೆನ್ನೈ ಕಡೆ ಹೋಗುತ್ತವೆ. ಮಂಗಳೂರು ಇದಕ್ಕೆ ಕಂಡುಕೊಂಡ ದಾರಿ ಪೈಪು. ಪೆಟ್ರೋಲ್, ಡೀಸೆಲ್ ಹಾಸನದ ಮೂಲಕ ಬೆಂಗಳೂರಿನ ಹತ್ತಿರದವರೆಗೆ ಸುಮಾರು 360 ಕಿ.ಮೀ. ಪೈಪಿನಲ್ಲೇ ಘಟ್ಟ ಹತ್ತಿ ಹೋಗುತ್ತವೆ. ಅಡುಗೆ ಅನಿಲಕ್ಕೂ ಪೈಪ್ ಬಂದಿದೆ. 2021ರ ಜನವರಿಯಲ್ಲಿ ಕೊಚ್ಚಿಯಿಂದ ನೈಸರ್ಗಿಕ ಅನಿಲದ ಪೈಪ್‌ಲೈನ್ ಬಂದು ಮುಟ್ಟಿತು. ಗೊಬ್ಬರದ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ತಿರುಗಿತು. ಬಂದರು ಈಗ ವರ್ಷಕ್ಕೆ ನಾಲ್ಕು ಕೋಟಿ ಟನ್‌ಗೂ ಜಾಸ್ತಿ ಸರಕು ನೋಡುತ್ತದೆ. ಅದರಲ್ಲಿ ಎಣ್ಣೆ, ಅನಿಲದ ಪಾಲೇ ದೊಡ್ಡದು.

ಬೆಲೆ ತೆತ್ತವರು

ಬಂದರು ಅಗೆದ ನೆಲ ಖಾಲಿ ಇರಲಿಲ್ಲ. ಪಣಂಬೂರಿನ ಸುತ್ತ ಗದ್ದೆ ಇತ್ತು, ತೆಂಗಿನ ತೋಟ ಇತ್ತು, ಮೊಗವೀರರ ಮನೆಗಳಿದ್ದವು. ಅಲ್ಲಿಂದ ಎದ್ದವರಿಗೆ ಕೃಷ್ಣಾಪುರ, ಕಾಟಿಪಳ್ಳದಲ್ಲಿ ಜಾಗ ಕೊಟ್ಟರು. ಮುಂದೆ ರಿಫೈನರಿಗೆ, ಅದರ ಮುಂದೆ ವಿಶೇಷ ಆರ್ಥಿಕ ವಲಯಕ್ಕೆ ಮತ್ತೆ ಮತ್ತೆ ಹಳ್ಳಿಗಳು ಎದ್ದವು. ತುಳುನಾಡಿನಲ್ಲಿ ಜಮೀನಿನ ಜೊತೆ ನಾಗಬನ, ದೈವಸ್ಥಾನ ಇರುತ್ತದೆ. ಸೆಂಟ್ಸ್ ಲೆಕ್ಕದಲ್ಲಿ ಅದಕ್ಕೆ ಪರಿಹಾರ ಹೇಗೆ ಕಟ್ಟುವುದು? ಜನ ಪಟ್ಟು ಹಿಡಿದರು. ವಲಯದ ಎರಡನೇ ಹಂತಕ್ಕೆ ಗುರುತಿಸಿದ್ದ ಎರಡು ಸಾವಿರ ಎಕರೆಯಷ್ಟು ಜಮೀನನ್ನು 2011ರಲ್ಲಿ ಸರ್ಕಾರ ಕೈಬಿಡಬೇಕಾಯಿತು.

ಜೋಕಟ್ಟೆ, ಕಳವಾರಿನ ಜನ ರಿಫೈನರಿಯಲ್ಲಿ ಎಣ್ಣೆ ಸೋಸಿ ಉಳಿಯುವ ಇದ್ದಿಲಿನಂಥ ಪೆಟ್‌ಕೋಕ್‌ನ ಕರಿ ಪುಡಿ ಮನೆಯೊಳಗೆ, ಬಾವಿಯೊಳಗೆ ಬೀಳುತ್ತದೆ ಅಂತ ವರ್ಷಗಟ್ಟಲೆ ಹೋರಾಡಿದರು. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಹತ್ತಿರದ ತೋಕೂರು ಹಳ್ಳ ಮತ್ತು ಫಲ್ಗುಣಿಯ ನೀರಿನ ಬಗ್ಗೆ ದೂರು ನಿಂತೇ ಇಲ್ಲ. ನೀರಿನ ಕಥೆ ಇನ್ನೂ ವಿಚಿತ್ರ. ನಮಗಿಂತ ನಾಲ್ಕೈದು ಪಟ್ಟು ಮಳೆ ಬೀಳೋ ಊರದು. ಆದರೂ 2016 ಮತ್ತು 2019ರ ಬೇಸಿಗೆಯಲ್ಲಿ ಸರದಿ ಮೇಲೆ ನೀರು ಬಿಟ್ಟರು. ಊರಿಗೂ ಕಾರ್ಖಾನೆಗೂ ನೇತ್ರಾವತಿಯೇ ಗತಿ, ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಲ್ಲುವುದು ಸ್ವಲ್ಪ ನೀರು. ರಿಫೈನರಿಯೇ ಘಟಕಗಳನ್ನು ನಿಲ್ಲಿಸುವ ಪರಿಸ್ಥಿತಿ ಬಂತು. ಕೊನೆಗೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದರು.

ಕೆಲಸದ ಲೆಕ್ಕವನ್ನೂ ನೇರವಾಗಿ ನೋಡಬೇಕು. 1.5 ಕೋಟಿ ಟನ್ ಎಣ್ಣೆ ಸೋಸುವ ರಿಫೈನರಿಯ ಕಾಯಂ ನೌಕರರು ಎರಡೂವರೆ ಸಾವಿರದ ಆಸುಪಾಸು. ಬಂಡವಾಳ ಸಾವಿರಾರು ಕೋಟಿ. ಹಂಚು, ಗೇರುಬೀಜ, ಬೀಡಿಯ ಕಾಲದ ಲೆಕ್ಕ ಇಲ್ಲಿ ತಲೆಕೆಳಗು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆರ್‌ಸಿಸಿ ಬಂತು, ಮಣ್ಣೂ ಕಟ್ಟಿಗೆಯೂ ದುಬಾರಿಯಾದವು. ಕರಾವಳಿಯ ಹುಡುಗರು ಮುಂಬೈ, ದುಬೈ, ಬೆಂಗಳೂರಿಗೆ ಹೋಗುತ್ತಲೇ ಇದ್ದಾರೆ. ಅವರು ಬಿಟ್ಟ ಮೈಮುರಿಯುವ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಜನ ಹೋಗುತ್ತಾರೆ. ಯಾದಗಿರಿ, ಸುರಪುರ, ಶಹಾಪುರ ಕಡೆಯ ಕುಟುಂಬಗಳೂ ಅದರಲ್ಲಿವೆ. ಮಂಗಳೂರಿನ ಎತ್ತರದ ಅಪಾರ್ಟ್‌ಮೆಂಟ್‌ಗಳ ಸೆಂಟ್ರಿಂಗ್, ಚರಂಡಿ ಅಗೆತ, ಕೇಬಲ್ ಗುಂಡಿ, ಎಲ್ಲದರಲ್ಲೂ ಘಟ್ಟದ ಮೇಲಿನವರ ಬೆವರು ಇದೆ. ಈ ಊರಿನ ಬೆಳವಣಿಗೆಯಲ್ಲಿ ನಮ್ಮವರ ಪಾಲನ್ನು ಯಾರೂ ಎಣಿಸುವುದಿಲ್ಲ. ಅದು ನನಗೆ ನೋವಿನ ವಿಷಯ.

ನಮಗೆ ಇದರಿಂದ ಏನು?

ನಮ್ಮಲ್ಲೂ ಈಗ ಜಮೀನು ಹೋಗುತ್ತಿದೆ, ಕಾರ್ಖಾನೆ ಬರುತ್ತಿವೆ. ಯಾದಗಿರಿಯ ಕಡೇಚೂರು–ಬಾಡಿಯಾಳದಲ್ಲಿ ಮೂರು ಸಾವಿರ ಎಕರೆಗೂ ಜಾಸ್ತಿ ಜಮೀನು ಕೈಗಾರಿಕಾ ಪ್ರದೇಶವಾಗಿದೆ. ಅಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಬಂದಿವೆ. ಸುತ್ತಲಿನ ಹಳ್ಳಿಯವರು ವಾಸನೆ, ಹೊಗೆ, ಹೊಲಸು ನೀರಿನ ಬಗ್ಗೆ ಹೇಳುತ್ತಿರುವ ಮಾತು ಜೋಕಟ್ಟೆಯವರು ಹೇಳಿದ ಮಾತೇ. ಕಲಬುರಗಿ ಹತ್ತಿರ ಸಾವಿರ ಎಕರೆಯ ಪಿಎಂ ಮಿತ್ರ ಜವಳಿ ಪಾರ್ಕ್ 2023ರಲ್ಲಿ ಘೋಷಣೆಯಾಗಿದೆ.

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಬಟ್ಟೆ ಹೊಲಿಯುವ ಘಟಕಕ್ಕೆ ಕೈಗಳು ಬೇಕು, ಅದರಲ್ಲೂ ಹೆಂಗಸರಿಗೆ ಹತ್ತಿರದಲ್ಲೇ ಕೆಲಸ ಸಿಗುತ್ತದೆ. ಮಂಗಳೂರಿನ ಗೇರುಬೀಜ, ಬೀಡಿಯ ಕಾಲ ಮಾಡಿದ ಕೆಲಸವನ್ನು ಅದು ಇಲ್ಲಿ ಮಾಡಬಹುದು. ಕೂಲಿ ಮಾತ್ರ ನೆಟ್ಟಗಿರಬೇಕು. ರಾಸಾಯನಿಕ ಕಾರ್ಖಾನೆಗೆ ಜನ ಕಡಿಮೆ ಸಾಕು, ನೀರು ಬೇಕು, ಹೊಲಸು ಬಿಡಲು ಜಾಗ ಬೇಕು. ಮಂಗಳೂರಿನ ಪಕ್ಕಕ್ಕೆ ಸಮುದ್ರವಾದರೂ ಇದೆ. ನಮ್ಮಲ್ಲಿ ಹಳ್ಳ ಬತ್ತಿದರೆ ಹೊಲಸು ನಿಂತಲ್ಲೇ ನಿಲ್ಲುತ್ತದೆ, ಬೋರ್‌ವೆಲ್‌ಗೆ ಇಳಿಯುತ್ತದೆ.

ಬಂದರು ನಮಗೆ ದೂರ ಅಂತಲೂ ತಿಳಿಯಬೇಡಿ. ಮೊಜಾಂಬಿಕ್, ಮ್ಯಾನ್ಮಾರಿನ ತೊಗರಿ ಹಡಗಿನಲ್ಲಿ ಬಂದು ದೇಶದ ಬಂದರುಗಳಲ್ಲಿ ಇಳಿದಾಗ ನಮ್ಮ ಗಂಜ್‌ನಲ್ಲಿ ದರ ಜಾರುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಆ ಊರಿನದೇ ವಿಶೇಷ ಉತ್ಪನ್ನ ಎಂಬ) ಗುರುತು ಸಿಕ್ಕಿದೆ, ರುಚಿಯಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಬಂದರಿನಲ್ಲಿ ಇಳಿಯುವ ಅಗ್ಗದ ತೊಗರಿಯನ್ನು ಅಲ್ಲೇ ಹತ್ತಿರ ಮಿಲ್ ಮಾಡುವುದು ಲಾಭ, ಗೇರುಬೀಜಕ್ಕೆ ಆದ ಹಾಗೇ. ನಮ್ಮ ದಾಲ್ ಮಿಲ್‌ಗಳು ಸೊರಗುತ್ತಿರುವುದಕ್ಕೆ ಇದೂ ಒಂದು ಕಾರಣ. ಹೊಲದ ಪಕ್ಕದಲ್ಲಿರುವ ಮಿಲ್ಲಿಗೆ ಉಳಿಯುವ ಬಲ ಒಂದೇ, ಹೊಲದಿಂದ ನೇರ ಬಂದ ಗುಳ್ಯಾಳ ಎಂಬ ನಮ್ಮ ನಾಟಿ ತಳಿಯ ತೊಗರಿ. ಆಮದು ಸುಂಕ ತೆಗೆಯುವ ತೀರ್ಮಾನ ದೆಹಲಿಯಲ್ಲಿ ಆಗುವಾಗ ನಮ್ಮ ಸಂಸದರು, ಮಿಲ್ಲಿನವರು, ರೈತ ಸಂಘದವರು ಒಂದೇ ದನಿಯಲ್ಲಿ ಮಾತಾಡಬೇಕಿರುವುದು ಈ ಒಂದು ಲೆಕ್ಕವನ್ನು ಮುಂದಿಟ್ಟುಕೊಂಡೇ.